ಫೋರ್ಟ್ ಬೆಂಟನ್‌ಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ. ನೀವಾದರೂ ಈ ತಪ್ಪು ಮಾಡಬೇಡಿ.

ಜುಲೈನಲ್ಲಿ ಗ್ಲೇಸಿಯರ್ ಪಾರ್ಕ್ ಮುಗಿಸಿಕೊಂಡು ನಾನು, ನನ್ನ ಹೆಂಡತಿ, ಮೈಸೂರಿನಿಂದ ಬಂದಿದ್ದ ಅಮ್ಮ ಅಮೆರಿಕದ ಮೊಂಟಾನಾ ರಾಜ್ಯದ ಬಯಲಿನ ಕಡೆ ಕಾರು ತಿರುಗಿಸಿದೆವು. ಹೊರಟಿದ್ದು ಫೋರ್ಟ್ ಬೆಂಟನ್‌ಗೆ. ಮಿಸೂರಿ ನದಿ ದಂಡೆಯ ಪುಟ್ಟ ಊರು, ಇರುವುದು ಸುಮಾರು 1,500 ಜನ. ಇಷ್ಟು ಸಣ್ಣ ಊರಲ್ಲಿ ಉಳಿದು ಏನು ಮಾಡುವುದು ಅಂದುಕೊಂಡು 40 ಮೈಲಿ ಈಚೆ ಗ್ರೇಟ್ ಫಾಲ್ಸ್ ನಗರದಲ್ಲಿ ಎರಡು ರಾತ್ರಿಗೆ ರೂಮ್ ಹಿಡಿದೆವು. ಫೋಟೋದಲ್ಲಿ ಕಿಟಕಿಯಾಚೆ ನದಿ ಕಾಣುತ್ತಿತ್ತು. ನಮಗೆ ಕೊಟ್ಟ ರೂಮಿನ ಕಿಟಕಿಯಾಚೆ ಇದ್ದದ್ದು ಲಾರಿ ನಿಲ್ಲಿಸುವ ಜಾಗ. ರಾತ್ರಿಗೆ 218 ಡಾಲರ್. ಕೀ ಕೊಡುವಾಗ ಅದೇನೋ ಸೌಲಭ್ಯದ ಶುಲ್ಕ ಅಂತ ಇನ್ನೂ 25 ಡಾಲರ್ ಸೇರಿಸಿದರು. ಬೇಡ, ಹೋಗುತ್ತೇವೆ ಅಂದರೆ ದುಡ್ಡು ವಾಪಸ್ ಇಲ್ಲ. ರಾತ್ರಿಯಿಡೀ ಲಾರಿ ಇಂಜಿನ್ ಸದ್ದು. ಅಮ್ಮ ನಿದ್ದೆಯೇ ಮಾಡಲಿಲ್ಲ. ಬುಕ್ ಮಾಡುವ ಮುಂಚೆ ಫೋನ್ ಮಾಡಿ, ಒಟ್ಟು ಎಷ್ಟಾಗುತ್ತದೆ, ಯಾವ ಕಡೆಯ ರೂಮ್ ಅಂತ ಬಾಯಿಬಿಟ್ಟು ಕೇಳಿ.

ಬೆಳಿಗ್ಗೆ 87ನೇ ಹೆದ್ದಾರಿ ಹಿಡಿದೆವು. ಎರಡೂ ಕಡೆ ಗೋಧಿ ಹೊಲ, ಕಣ್ಣು ಹಾಯುವಷ್ಟು ದೂರ. ಊರು ಹತ್ತಿರ ಬಂದರೂ ಊರೇ ಕಾಣುವುದಿಲ್ಲ. ದಾರಿ ತಪ್ಪಿತೇನೋ ಅನ್ನುವಷ್ಟರಲ್ಲಿ ರಸ್ತೆ ಕೆಳಗಿಳಿಯುತ್ತದೆ. ಅಲ್ಲಿ ನದಿ, ಮರಗಳು, ದಂಡೆಯುದ್ದಕ್ಕೂ ಹಳೇ ಇಟ್ಟಿಗೆ ಕಟ್ಟಡಗಳು.

ಸಮುದ್ರದಿಂದ ಇಷ್ಟು ದೂರದಲ್ಲಿ ಇದು ಒಂದು ಕಾಲದಲ್ಲಿ ಬಂದರು ಅಂದರೆ ನಂಬುತ್ತೀರಾ? 1846ರಲ್ಲಿ ಅಮೆರಿಕನ್ ಫರ್ ಕಂಪನಿ ಎಂಬ ತುಪ್ಪಳದ ವ್ಯಾಪಾರಿ ಸಂಸ್ಥೆ ಇಲ್ಲಿ ಕೋಟೆ ಕಟ್ಟಿತು. ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಜನ ಕಾಡೆಮ್ಮೆ ಚರ್ಮ ತಂದು ಸಾಮಾನು ಕೊಳ್ಳುತ್ತಿದ್ದರು. 1860ರಲ್ಲಿ ಸ್ಟೀಮ್‌ಬೋಟ್ ಬಂತು. ಸೇಂಟ್ ಲೂಯಿಸ್‌ನಿಂದ ನದಿಯಲ್ಲೇ 2,000 ಮೈಲಿಗೂ ಜಾಸ್ತಿ ದಾರಿ. ನದಿಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಜಲಪಾತಗಳು. ಹಾಗಾಗಿ ಎಲ್ಲ ಬೋಟೂ ಇಲ್ಲೇ ನಿಲ್ಲಬೇಕಿತ್ತು. 1862ರಲ್ಲಿ ಮೊಂಟಾನಾದ ಬ್ಯಾನಕ್‌ನಲ್ಲಿ ಚಿನ್ನ ಸಿಕ್ಕಿದ ಮೇಲಂತೂ ಗಣಿಗಳಿಗೆ ಹೋಗುವ ಜನ, ಸಾಮಾನು ಎಲ್ಲ ಇಲ್ಲೇ ಇಳಿದು, ಇಲ್ಲಿಂದ ಎತ್ತಿನ ಬಂಡಿಗಳಲ್ಲಿ ಹೋಗುತ್ತಿತ್ತು. 1882ರಲ್ಲಿ ಗ್ರ್ಯಾಂಡ್ ಯೂನಿಯನ್ ಎಂಬ ಮೂರು ಮಹಡಿಯ ಹೋಟೆಲ್ ಎದ್ದಿತು. ಐದೇ ವರ್ಷಕ್ಕೆ ರೈಲು ಬಂತು, ಬೋಟಿನ ವ್ಯಾಪಾರ ಮುಗಿಯಿತು. ಆ ಹೋಟೆಲ್ ಇವತ್ತಿಗೂ ನದಿಗೆ ಮುಖ ಮಾಡಿ ನಿಂತಿದೆ. ಬೋಟುಗಳು ಬರುವ ದಿಕ್ಕನ್ನೇ ನೋಡುತ್ತಿರುವಂತೆ ಕಂಡು ನನಗೆ ನಿಜಕ್ಕೂ ಬೇಜಾರಾಯಿತು. ಈಗ ಅದನ್ನು ರಿಪೇರಿ ಮಾಡಿ ಮತ್ತೆ ತೆರೆದಿದ್ದಾರೆ. ನಾವು ಉಳಿಯಬೇಕಿದ್ದದ್ದು ಅಲ್ಲಿ.

ಊಟದ ವಿಷಯಕ್ಕೆ ಬರೋಣ. ಸಸ್ಯಾಹಾರಿಗಳು ಹೆದರಬೇಡಿ. ಮುಖ್ಯ ಬೀದಿಯ ಸಣ್ಣ ಕೆಫೆಯೊಂದಕ್ಕೆ ಹೋದೆವು. ಏಳೆಂಟು ಮೇಜು ಇರಬಹುದು. ಸುತ್ತ ಗೋಧಿ ಬೆಳೆಯುವ ರೈತರೇ ಕೂತು ಮಳೆ ಬಗ್ಗೆ ಮಾತಾಡುತ್ತಿದ್ದರು. ಅಮ್ಮ ಮೊಟ್ಟೆ ಕೂಡ ತಿನ್ನುವುದಿಲ್ಲ ಅಂದಾಗ ಬಡಿಸುವ ಹೆಂಗಸು ಮುಖ ಸಿಂಡರಿಸಲಿಲ್ಲ. ಹ್ಯಾಶ್ ಬ್ರೌನ್, ಅಂದರೆ ತುರಿದು ಹುರಿಯುವ ಆಲೂಗಡ್ಡೆಯನ್ನು, ಮಾಂಸ ಹುರಿಯುವ ಕಾವಲಿಯಲ್ಲಿ ಬೇಡ ಅಂದೆವು. ಬೇರೆ ಬಾಣಲೆ ಇಟ್ಟು ಬೆಣ್ಣೆಯಲ್ಲಿ ಗರಿಗರಿಯಾಗಿ ಮಾಡಿಕೊಟ್ಟರು. ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡರು. ಪಕ್ಕದ ಮೇಜಿನ ಅಜ್ಜ ಕೇಳಿ ರುಚಿ ನೋಡಿದರು! ಆಮೇಲೆ ಹಕಲ್‌ಬೆರಿ ಎಂಬ ಕಾಡುಹಣ್ಣು ತುಂಬಿದ ಪೈ. ಇಲ್ಲಿ ಒಂದು ಎಚ್ಚರಿಕೆ: ಪೈ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ರೂಢಿ ಕೆಲವು ಕಡೆ ಇದೆ, ಮೊಟ್ಟೆಯೂ ಇರಬಹುದು. ಕೇಳಿಯೇ ತಿನ್ನಿ. ಆಕೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಬರೀ ಬೆಣ್ಣೆ, ಮೊಟ್ಟೆ ಇಲ್ಲ ಅಂದರು. ಮೂವರಿಗೆ ಕಾಫಿ ಸೇರಿ 34 ಡಾಲರ್. ಎರಡನೇ ದಿನವೂ ಅಲ್ಲಿಗೇ ಹೋದೆವು. ಕೂರುವ ಮುಂಚೆಯೇ ಬೇರೆ ಬಾಣಲೆ ಒಲೆ ಮೇಲಿತ್ತು.

ನದಿ ದಂಡೆಯಲ್ಲಿ ಶೆಪ್ ಎಂಬ ನಾಯಿಯ ಕಂಚಿನ ಪ್ರತಿಮೆ ಇದೆ. 1936ರಲ್ಲಿ ಅದರ ಯಜಮಾನ, ಒಬ್ಬ ಕುರುಬ, ತೀರಿಕೊಂಡ. ಶವವನ್ನು ರೈಲಿಗೆ ಹಾಕಿ ಪೂರ್ವಕ್ಕೆ ಕಳಿಸಿದರು. ಶೆಪ್ ಸ್ಟೇಷನ್ನಿನಲ್ಲೇ ಉಳಿಯಿತು. ಐದು ವರ್ಷಕ್ಕೂ ಜಾಸ್ತಿ ಕಾಲ, ಬಂದ ಪ್ರತಿ ರೈಲಿನ ಹತ್ತಿರ ಹೋಗಿ ಇಳಿಯುವವರನ್ನು ನೋಡುತ್ತಿತ್ತು. 1942ರ ಜನವರಿಯಲ್ಲಿ ರೈಲಿಗೇ ಸಿಕ್ಕಿ ಸತ್ತಿತು. ಅಮ್ಮ ಬಹಳ ಹೊತ್ತು ಅಲ್ಲೇ ನಿಂತಿದ್ದರು. "ಪಾಪ, ಅದಕ್ಕೆ ಅರ್ಥವಾಗುವ ಹಾಗೆ ಹೇಳೋರು ಯಾರೂ ಇರಲಿಲ್ಲ ಅಲ್ವಾ" ಅಂದರು.

ಲೋಮಾ ಎಂಬ ಊರಿನ ಹತ್ತಿರದ ಡಿಸಿಷನ್ ಪಾಯಿಂಟ್ ಬಿಡಬೇಡಿ, ಫೋರ್ಟ್ ಬೆಂಟನ್‌ನಿಂದ 11 ಮೈಲಿ ಅಷ್ಟೇ. 1805ರಲ್ಲಿ ಮಿಸೂರಿ ಹಿಡಿದು ಪಶ್ಚಿಮಕ್ಕೆ ದಾರಿ ಹುಡುಕುತ್ತಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ಇಲ್ಲಿ ಎರಡು ನದಿ ಎದುರಾದವು. ನಿಜವಾದ ಮಿಸೂರಿ ಯಾವುದು? ಜೊತೆಯವರೆಲ್ಲ ಉತ್ತರದ ಮರಾಯಸ್ ನದಿಯನ್ನೇ ತೋರಿಸಿದರು. ನಾಯಕರಿಬ್ಬರು ಮಾತ್ರ ದಕ್ಷಿಣದ್ದು ಅಂದರು, ಅದೇ ಸರಿಯಾಗಿತ್ತು. ದಿಬ್ಬದ ಮೇಲೆ ನಿಂತರೆ ಎರಡೂ ನದಿ ಕೂಡುವುದು ಕಾಣುತ್ತದೆ. ನೆರಳಿಲ್ಲ, ಟೋಪಿ, ನೀರು ಜೊತೆಗಿರಲಿ. ನಾವು ಹೋದಾಗ ಇನ್ನೊಂದು ನರಪಿಳ್ಳೆ ಇರಲಿಲ್ಲ. ಜನಜಂಗುಳಿ ಸೇರದ ನನಗೆ ಗ್ಲೇಸಿಯರ್‌ಗಿಂತ ಈ ದಿಬ್ಬವೇ ಹೆಚ್ಚು ಹಿಡಿಸಿತು. ಮ್ಯೂಸಿಯಂಗಳು ಬೇಸಿಗೆಯಲ್ಲಿ ಮಾತ್ರ ಸರಿಯಾಗಿ ತೆರೆದಿರುತ್ತವೆ, ಚಳಿಗಾಲಕ್ಕೆ ಹೋಗುವ ಪ್ಲಾನ್ ಬೇಡ.

ಮೊದಲ ದಿನ ಆ ರೂಮಿಗಾಗಿ ಸಂಜೆ ಏಳಕ್ಕೇ ಹೊರಡಬೇಕಾಯಿತು. ಜುಲೈನಲ್ಲಿ ಅಲ್ಲಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. 1888ರ ಹಳೇ ಕಬ್ಬಿಣದ ಸೇತುವೆ ಈಗ ನಡೆಯುವವರಿಗೆ ಮಾತ್ರ. ನಾವು ಕಾರು ಹತ್ತುವ ಹೊತ್ತಿಗೆ ಬಿಸಿಲು ತಗ್ಗಿ, ಊರಿನವರು ಮಕ್ಕಳ ಕೈ ಹಿಡಿದುಕೊಂಡು ಒಬ್ಬೊಬ್ಬರಾಗಿ ಅದರ ಮೇಲೆ ಬರುತ್ತಿದ್ದರು. ಅಮ್ಮ ಹಿಂದಿನ ಸೀಟಿನಿಂದ ತಿರುಗಿ ನೋಡುತ್ತಲೇ ಇದ್ದರು.