ಚಳಿ ಬಿಟ್ಟರೆ ಮಿನ್ನೆಸೋಟದಲ್ಲಿ ಏನಿದೆ?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಗ್ಯಾರಂಟಿ. "ಕ್ಯಾಲಿಫೋರ್ನಿಯಾ ಗೊತ್ತು, ನ್ಯೂಯಾರ್ಕ್ ಗೊತ್ತು. ಈ ಮಿನ್ನೆಸೋಟ ಎಲ್ಲಿ ಬರುತ್ತೆ? ಅಲ್ಲಿ ಹಿಮ ಬಿಟ್ಟರೆ ಇನ್ನೇನಿದೆ?" ನೆಂಟರು ಕೇಳುತ್ತಾರೆ, ಅಕ್ಕಪಕ್ಕದ ಮನೆಯವರು ಕೇಳುತ್ತಾರೆ. ಮಿನಿಯಾಪೊಲಿಸ್‌ಗೆ ಹೊಸದಾಗಿ ಬಂದ ನಮ್ಮ ಕನ್ನಡದ ಹುಡುಗರೂ ಮೊದಲ ಜನವರಿಯಲ್ಲಿ ಇದನ್ನೇ ಕೇಳುತ್ತಾರೆ, ಸ್ವಲ್ಪ ಅಳುಮುಖ ಮಾಡಿಕೊಂಡು.

ಮಿನ್ನೆಸೋಟ ಅಮೆರಿಕದ ಉತ್ತರ ಗಡಿಯ ಒಂದು ರಾಜ್ಯ, ಮಿನಿಯಾಪೊಲಿಸ್ ಅದರ ದೊಡ್ಡ ಊರು. ಏನಿದೆ ಅಂತ ಚುಟುಕಾಗಿ ಹೇಳಬೇಕೆಂದರೆ, ನಿಮ್ಮ ಆಫೀಸಿನ ಮೇಜಿನ ಮೇಲಿರುವ ಹಳದಿ ಅಂಟುಚೀಟಿ ಇಲ್ಲಿಯದು. ಪಾರ್ಸೆಲ್ ಸುತ್ತುವ ಪಾರದರ್ಶಕ ಟೇಪ್ ಇಲ್ಲಿಯದು. ಬ್ಯಾಟರಿಯಲ್ಲಿ ನಡೆಯುವ, ಮೈಮೇಲೆ ಹೊತ್ತು ಓಡಾಡಬಹುದಾದ, ಹೃದಯಕ್ಕೆ ಬಡಿತ ಕೊಡುವ ಪೇಸ್‌ಮೇಕರ್ ಇಲ್ಲಿಯದು. ಹೆಸರಾಂತ ಆಸ್ಪತ್ರೆ ಮೇಯೋ ಕ್ಲಿನಿಕ್ ಇಲ್ಲಿದೆ. ಪೂರ್ತಿ ಸೂರು ಮುಚ್ಚಿದ, ಒಳಗೆ ಹವಾನಿಯಂತ್ರಣ ಇರುವ ಶಾಪಿಂಗ್ ಮಾಲ್ ಅಮೆರಿಕದಲ್ಲಿ ಮೊದಲು ಬಂದದ್ದು ಇಲ್ಲೇ, 1956ರಲ್ಲಿ, ಎಡೈನಾ ಎಂಬ ಊರಿನಲ್ಲಿ. ಅದನ್ನು ಕಟ್ಟಿಸಿದ ಡೇಟನ್ ಕಂಪನಿಯೇ 1962ರಲ್ಲಿ ರೋಸ್‌ವಿಲ್‌ನಲ್ಲಿ ಮೊದಲ ಟಾರ್ಗೆಟ್ ಅಂಗಡಿ ತೆಗೆಯಿತು. ಆ ಟಾರ್ಗೆಟ್‌ನ ದೊಡ್ಡ ಆಫೀಸು ಈಗ ಬೆಂಗಳೂರಿನಲ್ಲೂ ಇದೆ.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬರುತ್ತದೆ: "ಅಷ್ಟು ಚಳಿ ಊರಲ್ಲಿ ಇದೆಲ್ಲ ಹೇಗೆ?" ಇಲ್ಲಿನ ಜನ ಇದಕ್ಕೊಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ. ಚಳಿಗಾಲದಲ್ಲಿ ಹೊರಗೆ ಹೋಗೋಕೆ ಆಗಲ್ಲ, ಮನೆಯೊಳಗೇ ಕೂತು ಏನಾದರೂ ಕಂಡುಹಿಡೀತೀವಿ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ನಾನು ಒಪ್ಪಲ್ಲ. ಚಳಿಯೇ ಕಾರಣವಾಗಿದ್ದರೆ ಪಕ್ಕದ ನಾರ್ತ್ ಡಕೋಟ ನಮಗಿಂತ ಜಾಸ್ತಿ ಹೆಸರು ಮಾಡಬೇಕಿತ್ತು, ಅಲ್ವಾ? ಒಂದೊಂದು ಕಥೆಯನ್ನೂ ಬಿಡಿಸಿ ನೋಡಿದರೆ ತದ್ವಿರುದ್ಧವೇ ಕಾಣುತ್ತದೆ. ಮನೆಯೊಳಗೆ ಕೂತವರಲ್ಲ, ಇನ್ನೊಬ್ಬರು ಕೆಲಸ ಮಾಡುವ ಜಾಗಕ್ಕೆ ಹೋಗಿ ನಿಂತವರು ಇವನ್ನೆಲ್ಲ ಮಾಡಿದ್ದಾರೆ. ಅದರಲ್ಲೂ ಹೆಚ್ಚಿನವರು ರಿಪೇರಿಯವರು, ಮಾರಾಟದವರು.

3ಎಂ ಕಂಪನಿಯನ್ನೇ ತಗೊಳ್ಳಿ, ಆ ಅಂಟುಚೀಟಿ, ಟೇಪ್ ಎರಡೂ ಅದರದ್ದೇ. ಹೆಸರಿನಲ್ಲಿರುವ ಮೂರು ಎಂಗಳಲ್ಲಿ ಒಂದು ಮೈನಿಂಗ್, ಅಂದರೆ ಗಣಿಯದು. 1902ರಲ್ಲಿ ಲೇಕ್ ಸುಪೀರಿಯರ್ ದಡದ ಟೂ ಹಾರ್ಬರ್ಸ್ ಎಂಬ ಊರಿನಲ್ಲಿ ಐದು ಜನ ಸೇರಿ ಕುರಂದದ ಕಲ್ಲಿನ ಗಣಿ ಶುರು ಮಾಡಿದರು. ಸಾಣೆಕಲ್ಲಿಗೆ ಬಳಸುವ ಗಟ್ಟಿ ಖನಿಜ ಅದು. ಅಗೆದ ಮೇಲೆ ಗೊತ್ತಾಯಿತು, ಸಿಕ್ಕಿದ್ದು ಕುರಂದವೇ ಅಲ್ಲ, ಅನಾರ್ಥೊಸೈಟ್ ಎಂಬ ಸಾಣೆಗೆ ಬಾರದ ಕಲ್ಲು! ಗಣಿ ಕೈಕೊಟ್ಟಿತು, ಬೇರೆ ಕಡೆಯಿಂದ ಕಲ್ಲುಪುಡಿ ತರಿಸಿ ಸ್ಯಾಂಡ್‌ಪೇಪರ್ ಮಾಡಲು ಹೊರಟರು. ಅಲ್ಲೂ ಗ್ರಹಚಾರ. 1914ರಲ್ಲಿ ಗಿರಾಕಿಗಳೆಲ್ಲ ಸ್ಯಾಂಡ್‌ಪೇಪರ್ ವಾಪಸ್ ಕಳಿಸತೊಡಗಿದರು, ಪುಡಿ ಉದುರಿಹೋಗುತ್ತಿದೆ ಅಂತ. ಹುಡುಕಿದಾಗ ತಿಳಿದದ್ದು ಇಷ್ಟು: ಸ್ಪೇನ್‌ನಿಂದ ಹಡಗಿನಲ್ಲಿ ಬರುವಾಗ ಆಲಿವ್ ಎಣ್ಣೆ ಚೆಲ್ಲಿ ಕಲ್ಲುಪುಡಿಯ ಚೀಲಗಳೆಲ್ಲ ನೆನೆದಿದ್ದವು. ಎಣ್ಣೆ ಹತ್ತಿದ ಪುಡಿ ಗೋಂದಿಗೆ ಹೇಗೆ ಅಂಟೀತು? ಕೊನೆಗೆ ಪುಡಿಯನ್ನು ಹುರಿದು ಎಣ್ಣೆ ಬಿಡಿಸಿದರು.

ಇಂಥ ಕಂಪನಿಗೆ 1921ರಲ್ಲಿ ರಿಚರ್ಡ್ ಡ್ರೂ ಎಂಬ ಹುಡುಗ ಸೇರಿದ. ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು, ಬ್ಯಾಂಜೊ ನುಡಿಸುತ್ತಿದ್ದವನು. ರಾಜ್ಯದ ರಾಜಧಾನಿ ಸೇಂಟ್ ಪಾಲ್‌ನ ಕಾರ್ ಗ್ಯಾರೇಜುಗಳಿಗೆ ಹೊಸ ಸ್ಯಾಂಡ್‌ಪೇಪರ್ ಕೊಟ್ಟು, ಹೇಗಿದೆ ಅಂತ ಕೇಳಿಕೊಂಡು ಬರುವುದು ಅವನ ಕೆಲಸ. ಆಗ ಎರಡು ಬಣ್ಣದ ಕಾರುಗಳ ಫ್ಯಾಷನ್. ಒಂದು ಬಣ್ಣ ಹೊಡೆದು, ಅದರ ಮೇಲೆ ಕಾಗದ ಅಂಟಿಸಿ ಮುಚ್ಚಿ, ಇನ್ನೊಂದು ಬಣ್ಣ ಹೊಡೆಯಬೇಕು. ಕಾಗದ ಕಿತ್ತಾಗ ಅದರ ಜೊತೆ ಬಣ್ಣವೂ ಎದ್ದುಬರುತ್ತಿತ್ತು. ಪೇಂಟರುಗಳು ಬೈದುಕೊಳ್ಳುವುದನ್ನು ಅಲ್ಲೇ ನಿಂತು ಕೇಳಿಸಿಕೊಂಡ ಡ್ರೂ, ನಾನು ಇದಕ್ಕೊಂದು ದಾರಿ ಮಾಡುತ್ತೇನೆ ಅಂದುಬಿಟ್ಟ. ಟೇಪಿನ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ. ಸಾಹೇಬರು, ಸುಮ್ನೆ ಸ್ಯಾಂಡ್‌ಪೇಪರ್ ಕೆಲಸ ನೋಡಪ್ಪ ಎಂದು ಹೇಳಿದರೂ ಬಿಡಲಿಲ್ಲ. 1925ರ ಹೊತ್ತಿಗೆ ಮಾಸ್ಕಿಂಗ್ ಟೇಪ್ ಬಂತು, 1930ರಲ್ಲಿ ಸೆಲೊಫೇನ್ ಟೇಪ್.

ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬೇರೆ. ಕಾಗದದ ಯಂತ್ರವೊಂದನ್ನು ಕೊಳ್ಳಬೇಕಿತ್ತು, ಮೇಲಿನವರ ಒಪ್ಪಿಗೆ ಸಿಗಲಿಲ್ಲ. ಡ್ರೂಗೆ ಯಾರನ್ನೂ ಕೇಳದೆ 100 ಡಾಲರ್‌ವರೆಗೆ ಖರ್ಚು ಮಾಡುವ ಅಧಿಕಾರ ಇತ್ತು. ಅವನು 99 ಡಾಲರ್‌ನ ಬಿಲ್ಲುಗಳಾಗಿ ಒಡೆದು ಆ ಯಂತ್ರ ತರಿಸಿಕೊಂಡ. ಟೆಂಡರ್ ಕರೆಯದೆ ಕೆಲಸ ಮುಗಿಸಲು ಬಿಲ್ ಒಡೆಯುವ ವಿದ್ಯೆ ನಮ್ಮ ಕಡೆಯ ಕಚೇರಿಗಳಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ! ಮ್ಯಾನೇಜರ್ ವಿಲಿಯಂ ಮೆಕ್‌ನೈಟ್ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹಳದಿ ಅಂಟುಚೀಟಿ ಬಂದದ್ದೂ ಇಂಥ ಸಲಿಗೆಯಿಂದಲೇ. 3ಎಂನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಗೋಂದು ಮಾಡಲು ಹೋಗಿ, ಮೆಲ್ಲಗೆ ಅಂಟಿ ಸುಲಭವಾಗಿ ಬಿಡುವ ಗೋಂದು ಮಾಡಿದ. ಬಳಕೆ ಏನೆಂದು ವರ್ಷಗಟ್ಟಲೆ ಹೊಳೆಯಲಿಲ್ಲ. ಚರ್ಚಿನಲ್ಲಿ ಹಾಡುತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈಗೆ ಹಾಡಿನ ಪುಸ್ತಕದ ಗುರುತುಚೀಟಿ ಬಿದ್ದುಹೋಗುವ ಕಿರಿಕಿರಿ. ಎರಡೂ ಕೂಡಿ ಅಂಟುಚೀಟಿಯಾಗಿ 1980ರಲ್ಲಿ ಮಾರುಕಟ್ಟೆಗೆ ಬಂತು.

ಪೇಸ್‌ಮೇಕರ್ ಕಥೆ ಇನ್ನೂ ಹತ್ತಿರದ್ದು. ಅರ್ಲ್ ಬಾಕನ್ ಎಂಬಾತ 1949ರಲ್ಲಿ ತನ್ನ ನೆಂಟ ಪಾಮರ್ ಹರ್ಮಂಡ್ಸ್ಲಿ ಜೊತೆ ಸೇರಿ ಮಿನಿಯಾಪೊಲಿಸ್‌ನ ಒಂದು ಗ್ಯಾರೇಜಿನಲ್ಲಿ ಅಂಗಡಿ ಇಟ್ಟ. ಆಸ್ಪತ್ರೆಯ ಎಲೆಕ್ಟ್ರಾನಿಕ್ ಉಪಕರಣಗಳ ರಿಪೇರಿ. ಹೆಸರು ಮೆಡ್‌ಟ್ರಾನಿಕ್. ಮೊದಲ ತಿಂಗಳ ವರಮಾನ 8 ಡಾಲರ್. ರಿಪೇರಿಗೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋಗಿ ಬರುತ್ತಾ, ಡಾಕ್ಟರ್ ವಾಲ್ಟನ್ ಲಿಲ್ಲೆಹಾಯ್ ಅವರ ಪರಿಚಯವಾಯಿತು.

ಆ ಆಸ್ಪತ್ರೆ ಆಗ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಯಾರೂ ಕೈಹಾಕದ ಕೆಲಸ ಮಾಡುತ್ತಿತ್ತು. ಹೃದಯದಲ್ಲಿ ರಂಧ್ರ ಇದ್ದ ಮಕ್ಕಳನ್ನು ಲಿಲ್ಲೆಹಾಯ್ ಆಪರೇಷನ್ ಮಾಡುತ್ತಿದ್ದರು. ಹೊಲಿಗೆ ಹಾಕುವಾಗ ಕೆಲವೊಮ್ಮೆ ಹೃದಯದ ಬಡಿತದ ಸಂಕೇತ ಹರಿಯುವ ದಾರಿಗೆ ಪೆಟ್ಟಾಗುತ್ತಿತ್ತು. ಅದು ಮಾಗುವ ತನಕ ಹೊರಗಿನ ಯಂತ್ರವೊಂದು ಬಡಿತ ಕೊಡಬೇಕು. ಆ ಯಂತ್ರವೋ ಗೋಡೆಯ ಕರೆಂಟಿಗೆ ಸಿಕ್ಕಿಸುವಂಥದ್ದು. ಮಗು ಎಲ್ಲಿ ಹೋಗಬೇಕಾದರೂ ವೈರ್ ಎಷ್ಟು ಉದ್ದವೋ ಅಷ್ಟೇ ದೂರ. 1957ರ ಅಕ್ಟೋಬರ್ 31ರಂದು ಊರಿನಲ್ಲಿ ಕರೆಂಟು ಹೋಯಿತು. ಒಂದು ಮಗು ತೀರಿಕೊಂಡಿತು. ಲಿಲ್ಲೆಹಾಯ್ ದೊಡ್ಡ ಕಂಪನಿಗೆ ಪತ್ರ ಬರೆಯಲಿಲ್ಲ, ತಮ್ಮ ರಿಪೇರಿಯವನನ್ನು ಕರೆದು ಬ್ಯಾಟರಿಯಲ್ಲಿ ನಡೆಯುವಂಥದ್ದು ಬೇಕು ಎಂದರು.

ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಮೆಟ್ರೊನೋಮ್‌ನ ಸರ್ಕ್ಯೂಟ್ ಬಂದಿದ್ದು ಬಾಕನ್‌ಗೆ ನೆನಪಿತ್ತು. ಸಂಗೀತ ಕಲಿಯುವವರಿಗೆ ತಾಳ ಹಿಡಿಯಲು ಟಿಕ್ ಟಿಕ್ ಎನ್ನುವ ಉಪಕರಣ ಅದು. ಎರಡು ಟ್ರಾನ್ಸಿಸ್ಟರ್, ಒಂದು ಸಣ್ಣ ಬ್ಯಾಟರಿ. ಸ್ಪೀಕರ್ ತೆಗೆದು, ಆ ಮಿಡಿತವನ್ನು ಹೃದಯಕ್ಕೆ ಕೊಡುವಂತೆ ಮಾಡಿ, ಪುಟ್ಟ ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿದ. ನಾಲ್ಕು ವಾರಗಳ ಕೆಲಸ. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಲೆಂದು ತಂದುಕೊಟ್ಟ. ಮಾರನೇ ದಿನ ಬಂದು ನೋಡಿದರೆ ಆ ಡಬ್ಬಿ ಒಂದು ಮಗುವಿಗೆ ಆಗಲೇ ಜೋಡಣೆಯಾಗಿತ್ತು! ಇಂದಾದರೆ ಅನುಮತಿಗೇ ವರ್ಷಗಳು ಬೇಕು. ಆ ಅವಸರ ನೆನೆದರೆ ನನಗೆ ಖುಷಿಯಷ್ಟೇ ದಿಗಿಲೂ ಆಗುತ್ತದೆ. ಒಂದು ಮಾತು: ಇದು ಹೊರಗೆ ಕಟ್ಟಿಕೊಳ್ಳುವ ಪೇಸ್‌ಮೇಕರ್. ದೇಹದೊಳಗೆ ಇಡುವಂಥದ್ದನ್ನು ಮೊದಲು ಮಾಡಿದ್ದು ಸ್ವೀಡನ್ನಿನವರು, 1958ರಲ್ಲಿ. ಇಲ್ಲಿನ ಕೆಲವರು ಎರಡನ್ನೂ ಒಂದೇ ಉಸಿರಿಗೆ ತಮ್ಮದು ಅಂತಾರೆ, ಅದು ಸರಿಯಲ್ಲ.

ಇನ್ನು ಯಾರಿಗೂ ಹೆಸರು ಗೊತ್ತಿಲ್ಲದ ಒಬ್ಬರು, ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ಕಪ್ಪು ಜನಾಂಗದವರು, ಎಳೆಯ ವಯಸ್ಸಿನಲ್ಲೇ ತಂದೆತಾಯಿ ಇಲ್ಲವಾದರು, ಶಾಲೆ ಕಲಿತದ್ದು ಕಡಿಮೆ. ಉತ್ತರದ ಮೂಲೆಯ ಹ್ಯಾಲಕ್ ಎಂಬ ಹಳ್ಳಿಯಲ್ಲಿ ಟ್ರ್ಯಾಕ್ಟರು, ಕಾರು ರಿಪೇರಿ ಮಾಡುತ್ತಾ ಓದಿಕೊಂಡರು. ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಜೋಸೆಫ್ ನ್ಯೂಮೆರೊ ಎಂಬವರ ಸಿನಿಮಾ ಧ್ವನಿ ಉಪಕರಣಗಳ ಕಂಪನಿ ಸೇರಿದರು. 1938ರಲ್ಲಿ ನ್ಯೂಮೆರೊ ಗಾಲ್ಫ್ ಆಡುವಾಗ ಲಾರಿ ಮಾಲೀಕ ಗೆಳೆಯನೊಬ್ಬ ಗೋಳಾಡಿದ: ಬಿಸಿಲಿಗೆ ಒಂದು ಲೋಡ್ ಕೋಳಿ ಮಾಂಸ ಪೂರ್ತಿ ಕೆಟ್ಟುಹೋಯಿತು ಅಂತ. ಲಾರಿಗೆ ತಂಪುಪೆಟ್ಟಿಗೆ ಕೂರಿಸಲು ಮುಂಚೆಯೂ ಪ್ರಯತ್ನಗಳಾಗಿದ್ದವು. ರಸ್ತೆಯ ಕುಲುಕಾಟಕ್ಕೆ ಎಲ್ಲವೂ ಬಿಚ್ಚಿಹೋಗುತ್ತಿದ್ದವು. ಕುಲುಕಾಟಕ್ಕೆ ಜಗ್ಗದ ಘಟಕವೊಂದನ್ನು ಜೋನ್ಸ್ ಕಟ್ಟಿದರು. ಮೊದಲು ಲಾರಿಯ ಹೊಟ್ಟೆಯಡಿ ಇಟ್ಟಾಗ ಕೆಸರು, ಧೂಳು ಹೊಕ್ಕಿತು. ಆಮೇಲೆ ಮುಂಭಾಗಕ್ಕೆ, ಮೇಲಕ್ಕೆ ಏರಿಸಿದರು. ಐಸ್‌ಕ್ರೀಮ್, ಔಷಧಿ, ಲಸಿಕೆ ಸಾಗಿಸುವ ವಾಹನಗಳ ನೆತ್ತಿಯ ಮೇಲೆ ಇವತ್ತಿಗೂ ಅಂಥ ಪೆಟ್ಟಿಗೆ ಕಾಣುತ್ತೀರಿ. ಅವರು ಕಟ್ಟಿದ ಕಂಪನಿಯ ಹೆಸರು ಥರ್ಮೊ ಕಿಂಗ್. 60ಕ್ಕೂ ಹೆಚ್ಚು ಪೇಟೆಂಟ್ ಪಡೆದ ಈ ಮನುಷ್ಯನಿಗೆ ದೇಶದ ದೊಡ್ಡ ತಂತ್ರಜ್ಞಾನ ಪದಕ ಸಿಕ್ಕಿದ್ದು 1991ರಲ್ಲಿ, ಸತ್ತು ಮೂವತ್ತು ವರ್ಷ ಆದ ಮೇಲೆ.

ಸುಂಟರಗಾಳಿಯ ಲೆಕ್ಕ ಬೇರೆಯೇ ಇದೆ. 1883ರ ಆಗಸ್ಟ್‌ನಲ್ಲಿ ರೋಚೆಸ್ಟರ್ ಊರನ್ನು ಸುಂಟರಗಾಳಿ ಹೊಡೆದಾಗ ಗಾಯಾಳುಗಳನ್ನು ಮಲಗಿಸಲು ಒಂದು ಆಸ್ಪತ್ರೆ ಇರಲಿಲ್ಲ. ನೃತ್ಯದ ಹಾಲಿನಲ್ಲಿ ಮಲಗಿಸಿದರು. ಶುಶ್ರೂಷೆಗೆ ಬಂದವರು ಪಾಠ ಹೇಳುವ ಕ್ರೈಸ್ತ ಸನ್ಯಾಸಿನಿಯರು. ಅವರ ಹಿರಿಯರಾದ ಮದರ್ ಆಲ್ಫ್ರೆಡ್ ಮೋಸ್, ನಾವು ಆಸ್ಪತ್ರೆ ಕಟ್ಟುತ್ತೇವೆ, ನೀವು ನಡೆಸಿ ಎಂದರು. ಊರು ಚಿಕ್ಕದು, ಖರ್ಚು ಜಾಸ್ತಿ ಎಂದು ಡಾಕ್ಟರ್ ಮೇಯೋ ಹಿಂಜರಿದರು. ಆಕೆ ಬಿಡಲಿಲ್ಲ. 1889ರಲ್ಲಿ ಬಾಗಿಲು ತೆರೆಯಿತು, ಮೇಯೋ ಕ್ಲಿನಿಕ್ ಬೆಳೆದದ್ದು ಅಲ್ಲಿಂದ. ಅಲ್ಲಿಂದ ಬಂದ ದೊಡ್ಡ ಆವಿಷ್ಕಾರ ಯಾವುದು ಅಂದರೆ ನಾನು ಕಾಗದದ ಫೈಲು ಅನ್ನುತ್ತೇನೆ. ಅದುವರೆಗೆ ಒಬ್ಬೊಬ್ಬ ಡಾಕ್ಟರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. 1907ರಲ್ಲಿ ಅಲ್ಲಿನ ಡಾಕ್ಟರ್ ಹೆನ್ರಿ ಪ್ಲಮರ್, ಒಬ್ಬ ರೋಗಿಗೆ ಒಂದು ನಂಬರು, ಒಂದೇ ಫೈಲು, ಯಾವ ಡಾಕ್ಟರ್ ನೋಡಿದರೂ ಅದರಲ್ಲೇ ಬರೆಯಬೇಕು ಎಂಬ ಕ್ರಮ ತಂದರು. ಇಂದು ಯಾವ ಆಸ್ಪತ್ರೆಗೆ ಹೋದರೂ ನಿಮ್ಮ ನಂಬರು ಕೇಳುವುದು ಈ ದಾರಿಯಲ್ಲೇ ಬಂದದ್ದು.

ಎಲೆಕ್ಟ್ರಾನಿಕ್ ಸಾಮಾನಿನ ದೊಡ್ಡ ಅಂಗಡಿ ಸರಣಿ ಬೆಸ್ಟ್ ಬೈ ಕೂಡ ಸುಂಟರಗಾಳಿಯ ಕೂಸು. 1981ರಲ್ಲಿ ರೋಸ್‌ವಿಲ್‌ನ ಸ್ಟೀರಿಯೊ ಅಂಗಡಿ ಹಾರಿಹೋದಾಗ, ಉಳಿದ ಸಾಮಾನನ್ನು ಪಾರ್ಕಿಂಗ್ ಜಾಗದಲ್ಲಿ ಹರಡಿ ಅಗ್ಗಕ್ಕೆ ಮಾರಿದರು. ಜನ ಮುಗಿಬಿದ್ದರು. ಅಂಗಡಿಯ ದಾರಿಯೇ ಬದಲಾಯಿತು.

ಚಳಿಯಿಂದ ಹುಟ್ಟಿದ್ದು ಏನೂ ಇಲ್ಲ ಅಂತಲ್ಲ. ಮನೆ ಬೆಚ್ಚಗಿಡುವ ಒಲೆಯ ಶಾಖವನ್ನು ತಾನಾಗಿ ಹೆಚ್ಚುಕಡಿಮೆ ಮಾಡುವ ಯಂತ್ರವನ್ನು ಆಲ್ಬರ್ಟ್ ಬುಟ್ಜ್ 1885ರ ಹೊತ್ತಿಗೆ ಮಿನಿಯಾಪೊಲಿಸ್‌ನಲ್ಲಿ ಮಾಡಿದ. ಇಂದಿನ ಹನಿವೆಲ್ ಕಂಪನಿಯ ಒಂದು ಬೇರು ಅಲ್ಲಿದೆ. ಪೊಲಾರಿಸ್ ಹಿಮವಾಹನ ರೋಸೊ ಎಂಬ ಗಡಿಯೂರಿನದು. ಆದರೆ ವಾಟರ್ ಸ್ಕೀಯಿಂಗ್ ಶುರುವಾದದ್ದೂ ಇಲ್ಲೇ, 1922ರಲ್ಲಿ, ಲೇಕ್ ಪೆಪಿನ್‌ನಲ್ಲಿ.

ಹಿಟ್ಟಿನ ಕಥೆ ಹೇಳದಿದ್ದರೆ ಆಗಲ್ಲ, ಎಲ್ಲದಕ್ಕೂ ಮೊದಲು ದುಡ್ಡು ಬಂದದ್ದು ಅದರಿಂದ. ಮಿಸಿಸಿಪಿ ನದಿಯ ಸೇಂಟ್ ಆಂಥನಿ ಜಲಪಾತದ ಬಲದಿಂದ ತಿರುಗುವ ಗಿರಣಿಗಳು. ವಾಷ್‌ಬರ್ನ್ ಒಂದು ಕಡೆ, ಪಿಲ್ಸ್‌ಬರಿ ಇನ್ನೊಂದು ಕಡೆ. 1878ರ ಮೇ 2ರಂದು ವಾಷ್‌ಬರ್ನ್‌ನ ದೊಡ್ಡ ಗಿರಣಿಯಲ್ಲಿ ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಸ್ಫೋಟವಾಯಿತು. 18 ಜನ ಸತ್ತರು. ಮತ್ತೆ ಕಟ್ಟುವಾಗ ಧೂಳು ಹೀರುವ ಯಂತ್ರ ಹಾಕಿದರು, ಬೀಸುವ ಕಲ್ಲು ಬಿಟ್ಟು ಉಕ್ಕಿನ ರೋಲರ್‌ಗೆ ಬದಲಾದರು. ಆ ರೋಲರ್‌ಗಳೇ ಮಿನಿಯಾಪೊಲಿಸ್ಸನ್ನು ಜಗತ್ತಿನ ಹಿಟ್ಟಿನ ರಾಜಧಾನಿ ಮಾಡಿದವು. ಈಗ ತಮಾಷೆ ನೋಡಿ. ಕಲ್ಲನ್ನು ಆಚೆ ಎಸೆದು ಶ್ರೀಮಂತವಾದ ಊರಿನ ಪಿಲ್ಸ್‌ಬರಿ ಹೆಸರು ನಮ್ಮ ಅಂಗಡಿಗಳಿಗೆ ಬಂದದ್ದು "ಚಕ್ಕಿ ಫ್ರೆಶ್ ಆಟಾ" ಆಗಿ.

ಹೆಮ್ಮೆಯ ಪಟ್ಟಿಯಲ್ಲಿ ಜೊಳ್ಳೂ ಇದೆ. ಧಾನ್ಯ ವ್ಯಾಪಾರದ ದೊಡ್ಡ ಕಂಪನಿ ಕಾರ್ಗಿಲ್ ಇಲ್ಲಿಯದು ಅಂತಾರೆ, ಹುಟ್ಟಿದ್ದು ಪಕ್ಕದ ಅಯೋವಾ ರಾಜ್ಯದಲ್ಲಿ. ಸೂಪರ್‌ಕಂಪ್ಯೂಟರಿನ ಸೆಮೂರ್ ಕ್ರೇ ದುಡಿದದ್ದು ಮಿನಿಯಾಪೊಲಿಸ್‌ನ ಕಂಪನಿಗೆ, ಆದರೆ ಹೆಸರಾಂತ ಯಂತ್ರವನ್ನು ಕಟ್ಟಿದ್ದು ವಿಸ್ಕಾನ್ಸಿನ್‌ನ ತನ್ನ ಹುಟ್ಟೂರಿನಲ್ಲಿ. ಪಟ್ಟಿಗೆ ಯಾರೂ ಸೇರಿಸದ ವಿಷಯವೂ ಒಂದಿದೆ: 3ಎಂ ತಯಾರಿಸಿದ, ಸುಲಭಕ್ಕೆ ನಾಶವಾಗದ ರಾಸಾಯನಿಕಗಳು ಸೇಂಟ್ ಪಾಲ್‌ನ ಪೂರ್ವದ ಊರುಗಳ ಅಂತರ್ಜಲ ಸೇರಿದವು. 2018ರಲ್ಲಿ ಕಂಪನಿ ರಾಜ್ಯಕ್ಕೆ 850 ಮಿಲಿಯನ್ ಡಾಲರ್ ಕೊಡಲು ಒಪ್ಪಿ ಕೇಸು ಮುಗಿಸಿಕೊಂಡಿತು. ಅಂಟುಚೀಟಿಯ ಕಥೆ ಹೇಳುವವರು ಇದನ್ನೂ ಹೇಳಬೇಕು.

ನೋಡಬೇಕು ಅನ್ನಿಸಿದರೆ ಸೆಪ್ಟೆಂಬರ್‌ನಲ್ಲಿ ಬನ್ನಿ. ಎಲ್ಲರೂ ಮಾಲ್ ಆಫ್ ಅಮೆರಿಕಕ್ಕೆ ಓಡುತ್ತಾರೆ. ನೀವು ಮೊದಲು ಮಿಲ್ ಸಿಟಿ ಮ್ಯೂಸಿಯಂಗೆ ಹೋಗಿ. ಸ್ಫೋಟದ ನಂತರ ಮತ್ತೆ ಕಟ್ಟಿದ ವಾಷ್‌ಬರ್ನ್ ಗಿರಣಿಯ ಪಾಳುಗೋಡೆಗಳ ನಡುವೆಯೇ ಅದನ್ನು ಮಾಡಿದ್ದಾರೆ. ಕಿಟಕಿಯಿಂದ ಜಲಪಾತ ಕಾಣುತ್ತದೆ. ಪಕ್ಕದ ಕಲ್ಲಿನ ಸೇತುವೆಯ ಮೇಲೆ ನಡೆದುಕೊಂಡೇ ಪಿಲ್ಸ್‌ಬರಿ ಗಿರಣಿಯ ದಡಕ್ಕೂ ಹೋಗಿಬರಬಹುದು.