ರಾಜಾನ ಇನ್ನೊಂದು ಬೀಜ

ನಮ್ಮ ನಾಯಿ ರಾಜಾನಿಗೆ ಮರಿಯಿದ್ದಾಗಿನಿಂದ ಒಂದೇ ಬೀಜ. ಧಾರವಾಡದ ಸಾಧನಕೇರಿ ಕಡೆ ತಿರುಗಾಡಲು ಕರೆದೊಯ್ದರೆ ಓಣಿ ಹುಡುಗರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಇನ್ನೊಂದು ಎಲ್ಲಿ ಹೋಯಿತು ಅಂತ ಹತ್ತು ವರ್ಷ ಯಾರೂ ಕೇಳಲಿಲ್ಲ. ಬೀಜ ತೆಗೆಸುವ ಆಪರೇಷನ್ ಮಾತು ಒಮ್ಮೆ ಬಂದಿತ್ತು. "ಪಾಪ, ಗಂಡ ನಾಯಿಗೆ ಹಂಗ್ ಮಾಡಬಾರದೋ" ಅಂದು ಅಪ್ಪ ಮುಗಿಸಿಬಿಟ್ಟಿದ್ದರು.

ಹೋದ ಮಳೆಗಾಲದಲ್ಲಿ ಅವನ ಪಕ್ಕೆಯ ಕೂದಲು ಉದುರತೊಡಗಿತು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ಅಳತೆ ಹಿಡಿದು ಬೋಳಿಸಿದ ಹಾಗೆ. ಕೆರೆತ ಇಲ್ಲ. ಅವ್ವ ಬೇವಿನೆಣ್ಣೆ ಹಚ್ಚಿದಳು. ಒಂದು ಕಡೆ ತೋರಿಸಿದೆವು, ಮುಲಾಮು ಕೊಟ್ಟರು. ಬಾಲ ಎತ್ತಿ ನೋಡಲಿಲ್ಲ. ಒಂದೂವರೆ ತಿಂಗಳು ಸುಮ್ನೆ ಹೋಯಿತು.

ಆಮೇಲೆ ಓಣಿಯ ಗಂಡುನಾಯಿಗಳು ಅವನ ಬೆನ್ನು ಹತ್ತಿದವು, ಬೆದೆಗೆ ಬಂದ ಹೆಣ್ಣನ್ನು ಹತ್ತಿದ ಹಾಗೆ. ಮೊಲೆತೊಟ್ಟುಗಳು ಊದಿದ್ದವು. "ಇದೇನೋ, ಬಾಣಂತಿ ಆಗ್ಯಾನಲ್ಲೋ ಇಂವಾ!" ಅಂದಳು ಅವ್ವ.

ಹುಬ್ಬಳ್ಳಿಯ ಬೇರೆ ಡಾಕ್ಟರ ಹತ್ತಿರ ಒಯ್ದೆ. ಅವರು ಕೂದಲು ನೋಡಿದ್ದು ಒಂದು ಗಳಿಗೆ. ನೇರ ಹಿಂಗಾಲ ನಡುವೆ ಕೈ ಹಾಕಿದರು. ಹೊರಗಿದ್ದ ಬೀಜವೂ ಶೇಂಗಾದಷ್ಟು ಕುಗ್ಗಿತ್ತು.

"ಇನ್ನೊಂದ ಎಲ್ಲೈತ್ರಿ?"

"ಮೊದಲಿಂದ್ಲೂ ಇಲ್ರಿ."

"ಇಲ್ಲ ಅಂತಲ್ರಿ. ಹೊಟ್ಟ್ಯಾಗ ಉಳದಿರತೈತಿ."

ಸ್ಕ್ಯಾನ್‌ನಲ್ಲಿ ಸಿಕ್ಕೇಬಿಟ್ಟಿತು, ನಿಂಬೆಹಣ್ಣಿನಷ್ಟು ಗಡ್ಡೆಯಾಗಿ. ಮರಿಗೆ ಎರಡು ತಿಂಗಳಾಗುವ ಹೊತ್ತಿಗೆ ಎರಡೂ ಕೆಳಗಿಳಿಯಬೇಕಂತೆ. ಆರು ತಿಂಗಳಾದರೂ ಇಳಿಯದಿದ್ದರೆ ಇನ್ನು ಇಳಿಯದು ಅಂತಲೇ ಲೆಕ್ಕ. ಹೊಟ್ಟೆಯಲ್ಲೇ ಉಳಿದದ್ದರಲ್ಲಿ ವಯಸ್ಸಾದ ಮೇಲೆ ಗಡ್ಡೆ ಬೆಳೆಯುವ ಸಂಭವ ಬಹಳ ಜಾಸ್ತಿ. ಕೆಲವು ಗಡ್ಡೆ ಹೆಣ್ಣಿನ ಹಾರ್ಮೋನು ಈಸ್ಟ್ರೊಜೆನ್ ಸುರಿಸುತ್ತವೆ. ಕೂದಲು, ಮೊಲೆತೊಟ್ಟು, ಬೆನ್ನು ಹತ್ತಿದ ನಾಯಿಗಳು, ಎಲ್ಲಕ್ಕೂ ಅದೇ ಮೂಲ. ನನಗೆ ಭಯ ಹುಟ್ಟಿಸಿದ್ದು ಮಾತ್ರ ಬೇರೆ: ಆ ಹಾರ್ಮೋನು ಅತಿಯಾದರೆ ಎಲುಬಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಬಹುದು. ಅದಕ್ಕೇ ಮೊದಲು ರಕ್ತ ಪರೀಕ್ಷೆ. ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇತ್ತು, ಆದರೆ ಆಪರೇಷನ್‌ಗೆ ಅಡ್ಡಿಯಿಲ್ಲ ಅಂದರು.

ಎರಡೂ ತೆಗೆದರು. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದಾಗ, ಬೀಜದೊಳಗೆ ವೀರ್ಯಾಣು ಬೆಳೆಯಲು ನೆರವಾಗುವ ಸರ್ಟೋಲಿ ಕೋಶದ್ದು ಅಂತ ಬಂತು. ಬೇರೆ ಕಡೆ ಹರಡಿರಲಿಲ್ಲ. ಫೋನು ಮಾಡಿದ ನೆಂಟರಿಗೆಲ್ಲ ಅಪ್ಪ "ಹೊಟ್ಟಿ ಆಪರೇಷನ್" ಅಂತಲೇ ಹೇಳಿದರು. ಸುಳ್ಳೇನೂ ಅಲ್ಲ ಬಿಡಿ.

ಮೂರು ತಿಂಗಳಿಗೆ ಪಕ್ಕೆಯ ಮೇಲೆ ಹಿಂಗಾರಿ ಜೋಳ ಮೊಳೆತ ಹಾಗೆ ಕೂದಲು ಬಂತು. ಓಣಿಯ ನಾಯಿಗಳು ಈಗ ಅವನನ್ನು ಒಮ್ಮೆ ಮೂಸಿ, ತಮ್ಮ ಪಾಡಿಗೆ ಹೋಗುತ್ತವೆ. ಅಪ್ಪ ಮಾತ್ರ ಕೈಯಲ್ಲಿ ಕೋಲು ಹಿಡಿದೇ ಅವನ ಜೊತೆ ಹೊರಡುತ್ತಾರೆ.