ಅವರ ಬಾಯಿ ಮುಚ್ಚಿಸೋಕೆ ಕಾನೂನಿಲ್ವಾ?

ನಾನು ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಸಂವಿಧಾನ ನನ್ನ ವಿಷಯ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ‘ಸಾರ್, ಆ ಮನುಷ್ಯ ಯೂಟ್ಯೂಬ್‌ನಲ್ಲಿ, ವೇದಿಕೆ ಮೇಲೆ ಬಾಯಿಗೆ ಬಂದಂಗೆ ಮಾತಾಡ್ತಾನಲ್ಲ, ಅವನನ್ನ ಒಳಗೆ ಹಾಕೋಕೆ ಕಾನೂನಿಲ್ವಾ?’ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಮಂಡ್ಯದ ನೆಂಟರ ಮನೆಯಲ್ಲಿ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ‘ಆ ಮನುಷ್ಯ’ ಯಾರು ಅನ್ನುವುದು ಮಾತ್ರ ಕೇಳುವವರಿಗೆ ತಕ್ಕಂತೆ ಬದಲಾಗುತ್ತದೆ. ಒಬ್ಬರಿಗೆ ಅದು ಎಡಪಂಥದ ಪ್ರೊಫೆಸರ್. ಇನ್ನೊಬ್ಬರಿಗೆ ಹಿಂದುತ್ವದ ಭಾಷಣಕಾರ.

ಎಲೆ ಮುಂದೆ ಕೂತು ಇದನ್ನೆಲ್ಲ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳುವುದಾದರೆ ಕಾನೂನು ಇದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ನಮಗೆ ಸಿಟ್ಟು ಬಂತು ಅಂತ ಅದನ್ನು ಬಳಸಬಾರದು. ಒಬ್ಬನ ಮಾತು ಇನ್ನೊಬ್ಬರ ಮೇಲೆ ಜನರನ್ನು ಛೂ ಬಿಟ್ಟಾಗ ಬಳಸಬೇಕು. ಬಳಸುವಾಗ ಮಾತಾಡಿದವರು ಯಾವ ಪಕ್ಷ ಅಂತ ನೋಡಬಾರದು, ತಡವನ್ನೂ ಮಾಡಬಾರದು.

ಸಂವಿಧಾನದ 19(1)(ಎ) ವಿಧಿ ನಮಗೆ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಅದಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅಂತ 19(2)ರಲ್ಲಿ ಪಟ್ಟಿ ಇದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ. ‘ಸಾರ್ವಜನಿಕ ಸುವ್ಯವಸ್ಥೆ’ ಮೊದಲು ಈ ಪಟ್ಟಿಯಲ್ಲಿ ಇರಲಿಲ್ಲ. ಮದ್ರಾಸ್ ಸರ್ಕಾರ ಒಂದು ವಾರಪತ್ರಿಕೆಯನ್ನು ತನ್ನ ರಾಜ್ಯದೊಳಗೆ ಬಿಡದೆ ತಡೆದಿತ್ತು. 1950ರಲ್ಲಿ ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಅಂದಿತು. ಮರುವರ್ಷವೇ ಮೊದಲ ತಿದ್ದುಪಡಿ ತಂದು ಆ ಪದವನ್ನು ಸೇರಿಸಿದರು.

‘ನನ್ನ ಮನಸ್ಸಿಗೆ ನೋವಾಯಿತು’ ಅನ್ನುವ ಕಾರಣ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ‘ಸರ್ಕಾರಕ್ಕೆ ಅವಮಾನವಾಯಿತು’ ಅನ್ನುವುದೂ ಇಲ್ಲ. ಧಾರ್ಮಿಕ ಭಾವನೆಯ ಕಾನೂನು ಬೇರೆ ಇದೆಯಲ್ಲ ಅಂತ ಕೇಳಬಹುದು. ಇದೆ. ಹಳೆಯ ದಂಡ ಸಂಹಿತೆಯ 295ಎ, ಈಗ ಭಾರತೀಯ ನ್ಯಾಯ ಸಂಹಿತೆಯ 299. ಆದರೆ ಬೇಕೆಂತಲೇ, ಕೆಟ್ಟ ಉದ್ದೇಶದಿಂದ ಅವಮಾನ ಮಾಡಿದ್ದರೆ ಮಾತ್ರ ಅದು ಅಪರಾಧ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. 2015ರ ಮಾರ್ಚ್‌ನಲ್ಲಿ, ಆನ್‌ಲೈನ್‌ನಲ್ಲಿ ಮನನೋಯಿಸುವ ಸಂದೇಶ ಕಳಿಸುವುದೇ ಅಪರಾಧ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದಾಗ ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು. ಒಂದು ವಿಷಯ ಚರ್ಚೆ ಮಾಡುವುದು, ಅದರ ಪರ ವಾದ ಮಾಡುವುದು, ಅದಕ್ಕಾಗಿ ಜನರನ್ನು ಪ್ರಚೋದಿಸುವುದು, ಇವು ಮೂರೂ ಬೇರೆ ಬೇರೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ನಮ್ಮ ಹಕ್ಕು. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು.

ಪುಸ್ತಕದಲ್ಲಿ ಇದು ಸಲೀಸು. ನಮ್ಮ ಊರಲ್ಲಿ ಏನಾಯಿತು ನೋಡಿ.

2020ರ ಜನವರಿ 8ರಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಒಂದು ಪ್ರತಿಭಟನೆ ನಡೆಯಿತು. ಜೆಎನ್‌ಯು ವಿದ್ಯಾರ್ಥಿಗಳ ಮೇಲಿನ ಹಲ್ಲೆಯನ್ನು ಖಂಡಿಸಲು ಸೇರಿದ್ದರು. ಹಳೆಯ ವಿದ್ಯಾರ್ಥಿನಿಯೊಬ್ಬರು ‘ಫ್ರೀ ಕಾಶ್ಮೀರ್’ ಎಂಬ ಫಲಕ ಹಿಡಿದು ನಿಂತರು. ಅಲ್ಲಿನ ಇಂಟರ್ನೆಟ್ ನಿರ್ಬಂಧ ತೆಗೆಯಿರಿ ಅನ್ನುವುದು ತನ್ನ ಅರ್ಥ ಅಂತ ಆಕೆ ಹೇಳಿದರು. ಆ ಫಲಕ ನಿಮಗೆ ಹಿಡಿಸದೇ ಇರಬಹುದು. ಆಕೆಯ ಮಾತನ್ನು ನಂಬದೇ ಇರಬಹುದು. ಆದರೆ ಯಾರನ್ನೂ ಹೊಡಿ, ಯಾವುದನ್ನೂ ಸುಡು ಅಂತ ಅದರಲ್ಲಿ ಇರಲಿಲ್ಲ. ದೇಶದ್ರೋಹದ ಕೇಸ್ ಬಿತ್ತು, ಹಳೆಯ ದಂಡ ಸಂಹಿತೆಯ 124ಎ. ಹಿಂಸೆಗೆ ಪ್ರಚೋದನೆ ಇಲ್ಲದೆ ಆ ಸೆಕ್ಷನ್ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲಿ ಕೇದಾರನಾಥ್ ಸಿಂಗ್ ಪ್ರಕರಣದಲ್ಲೇ ಹೇಳಿತ್ತು. ಇಷ್ಟಕ್ಕೇ ನಿಲ್ಲಲಿಲ್ಲ. ಆಕೆಯ ಪರ ಯಾರೂ ವಕಾಲತ್ತು ಹಾಕಬಾರದು ಅಂತ ಮೈಸೂರು ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳಿಗೆ ಬೆಲೆ ಇಲ್ಲ, ಅವು ಕಾನೂನಿಗೆ ವಿರುದ್ಧ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಕೊನೆಗೆ ರಾಜ್ಯದ ಬೇರೆ ಬೇರೆ ಕಡೆಯಿಂದ ವಕೀಲರು ಬಂದು ಆಕೆಯ ಪರ ನಿಂತರು. ಅದೇ ತಿಂಗಳು ನಿರೀಕ್ಷಣಾ ಜಾಮೀನು ಸಿಕ್ಕಿತು.

ಮೂರು ವರ್ಷ ಮುಂದೆ ಬನ್ನಿ. 2023ರ ಫೆಬ್ರವರಿ, ಮಂಡ್ಯದ ಒಂದು ಸಭೆ. ಆಗ ಉನ್ನತ ಶಿಕ್ಷಣ ಸಚಿವರಾಗಿದ್ದ ಅಶ್ವತ್ಥನಾರಾಯಣ ಅವರು, ಉರಿಗೌಡ ನಂಜೇಗೌಡರು ಟಿಪ್ಪುವನ್ನು ಮುಗಿಸಿದ ಹಾಗೆ ಸಿದ್ದರಾಮಯ್ಯ ಅವರನ್ನೂ ಮುಗಿಸಬೇಕು ಎಂಬ ಅರ್ಥದ ಮಾತಾಡಿದರು. ಗಲಾಟೆಯಾದ ಮೇಲೆ ವಿಷಾದ ಹೇಳಿದರು. ಚುನಾವಣೆಯಲ್ಲಿ ಸೋಲಿಸಿ ಅನ್ನುವುದಷ್ಟೇ ತಮ್ಮ ಅರ್ಥ ಅಂದರು. ಇರಬಹುದು. ಆದರೆ ಒಬ್ಬ ಜೀವಂತ ಮನುಷ್ಯನ ಹೆಸರು ಹಿಡಿದು, ತುಂಬಿದ ಸಭೆಯಲ್ಲಿ, ಅಧಿಕಾರದಲ್ಲಿದ್ದವರು ಆಡಿದ ಮಾತು ಅದು. ಫಲಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ನನ್ನ ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಗೊತ್ತಾಗುತ್ತದೆ. ಮೈಸೂರಿನಲ್ಲಿ ಎಫ್‌ಐಆರ್ ಆಗಿದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ವಿಧಾನಸೌಧದಲ್ಲಿ ಸರ್ಕಾರ ಬದಲಾಗಿತ್ತು.

ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ಮಾತಿನ ಮಿತಿಯನ್ನು ಹಾಕುತ್ತಿರುವುದು 19(2) ಅಲ್ಲ. ಆ ದಿನ ಪೊಲೀಸ್ ಯಾರ ಕೈಯಲ್ಲಿದೆ ಅನ್ನುವುದು. ಶಿಕ್ಷೆಯೂ ತೀರ್ಪಿನಿಂದ ಬರುವುದಿಲ್ಲ. ಎಫ್‌ಐಆರ್, ಜಾಮೀನಿನ ಓಡಾಟ, ವಕೀಲರ ಫೀಸು, ಟಿವಿಯಲ್ಲಿ ಮುಖ, ಇವೇ ಶಿಕ್ಷೆ. ತೀರ್ಪು ಬರುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ.

ಅದಕ್ಕೇ ಹೊಸ ಕಾನೂನು ಅಂದಾಗ ನನಗೆ ಖುಷಿ ಆಗುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಯನ್ನು ಎರಡೂ ಸದನಗಳು ಒಪ್ಪಿದವು. ಒಂದರಿಂದ ಏಳು ವರ್ಷ ಜೈಲು. ಉದ್ದೇಶ ಒಳ್ಳೆಯದೇ ಅಂತ ಒಪ್ಪುತ್ತೇನೆ. ದ್ವೇಷದ ಮಾತಿನಿಂದ ಮನೆ ಬಿಟ್ಟು ಹೋದವರ ಕಷ್ಟ ಸಣ್ಣದಲ್ಲ. ಆದರೆ ವೈಮನಸ್ಯ, ಅಸಾಮರಸ್ಯದಂಥ ಅಗಲವಾದ ಪದಗಳು ಪೊಲೀಸರ ಕೈಗೆ ಸಿಕ್ಕರೆ ಮೊದಲು ಯಾರ ಮೇಲೆ ಬೀಳುತ್ತವೆ? ಇವತ್ತು ಈ ಮಸೂದೆಗೆ ಚಪ್ಪಾಳೆ ತಟ್ಟುವ ಗೆಳೆಯರಿಗೆ ಹೇಳುತ್ತೇನೆ, ಮಾನಸಗಂಗೋತ್ರಿಯ ಆ ಹುಡುಗಿಯ ಮೇಲೆ ನಾಳೆ ಇನ್ನೊಂದು ಸರ್ಕಾರ ಹಾಕುವ ಸೆಕ್ಷನ್ ಇದೇ ಆಗಿರುತ್ತದೆ.

ಮೈಸೂರಿಗೆ ಇದು ಹೊಸದೇನಲ್ಲ. 1908ರಲ್ಲಿ ದಿವಾನ್ ಮಾಧವರಾಯರ ಕಾಲದಲ್ಲಿ ಪತ್ರಿಕೆಗಳನ್ನು ಸರ್ಕಾರದ ಹಿಡಿತಕ್ಕೆ ತರುವ ಕಾನೂನು ಬಂತು. ತಾತಯ್ಯ ಅಂತ ನಾವೆಲ್ಲ ಪ್ರೀತಿಯಿಂದ ಕರೆಯುವ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅನಾಥಾಲಯ ಕಟ್ಟಿದವರು, ಹೆಣ್ಣುಮಕ್ಕಳ ಓದಿಗೆ ದುಡಿದವರು. ಅಂಥವರ ಬರಹವೂ ಆಳುವವರಿಗೆ ಅಪಾಯವಾಗಿ ಕಂಡಿತ್ತು. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದು ಅಂತ ತಡೆದಾಗಲೂ ಹೇಳಿದ ಕಾರಣ ಶಾಂತಿ ಸುವ್ಯವಸ್ಥೆಯೇ.

ಈಗ ಗುಂಪಿನ ವಿಷಯ. ‘ಅವನು ಹಾಗೆ ಮಾತಾಡಿದ್ದಕ್ಕೇ ತಾನೇ ಕಲ್ಲು ಬಿದ್ದಿದ್ದು?’ ಅಂತ ಕೇಳುತ್ತಾರೆ. 2025ರ ಫೆಬ್ರವರಿ 10ರ ರಾತ್ರಿ ಉದಯಗಿರಿ ಪೊಲೀಸ್ ಠಾಣೆ ಮೇಲೆ ಕಲ್ಲು ತೂರಿದರು. ಕಾರಣ ಒಂದು ಸೋಷಿಯಲ್ ಮೀಡಿಯಾ ಪೋಸ್ಟ್. ಅದನ್ನು ಹಾಕಿದವನನ್ನು ಪೊಲೀಸರು ಆಗಲೇ ಹಿಡಿದಿದ್ದರು. ಆದರೂ ಕಲ್ಲು ಬಿತ್ತು, ಅಶ್ರುವಾಯು ಸಿಡಿಸಬೇಕಾಯಿತು. ಆ ಪೋಸ್ಟ್ ಕೀಳಾಗಿತ್ತು ಅನ್ನುವುದು ಒಂದು ಮಾತು. ಕಲ್ಲು ತೂರಿದ್ದು ಬೇರೆಯದೇ ಅಪರಾಧ. ಒಂದನ್ನು ತೋರಿಸಿ ಇನ್ನೊಂದನ್ನು ಮನ್ನಾ ಮಾಡೋಕೆ ಆಗಲ್ಲ. ಹಾಗೆ ಮಾಡಿದರೆ ಯಾವ ಗುಂಪು ಜಾಸ್ತಿ ಕಲ್ಲು ತೂರುತ್ತದೋ ಆ ಗುಂಪಿನ ಭಾವನೆಗೆ ಮಾತ್ರ ಬೆಲೆ ಸಿಗುತ್ತದೆ.

ಸುಪ್ರೀಂ ಕೋರ್ಟ್ 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಜನ ದೊಂಬಿ ಮಾಡುತ್ತಾರೆ ಅಂತ ಹೆದರಿ ಸರ್ಕಾರ ಮಾತನ್ನು ತಡೆಯಬಾರದು, ಮಾತಾಡುವವರನ್ನು ಕಾಯುವುದೇ ಅದರ ಕೆಲಸ. ಪ್ರೊ. ಕೆ.ಎಸ್. ಭಗವಾನ್ ಅವರು ಪೊಲೀಸ್ ರಕ್ಷಣೆಯಲ್ಲಿ ಬದುಕುತ್ತಿದ್ದಾರೆ. 2023ರ ಮಹಿಷ ದಸರಾದಲ್ಲಿ ಒಕ್ಕಲಿಗರ ಬಗ್ಗೆ ಅವರು ಆಡಿದ ಮಾತಿಗೆ ಅವರ ಮನೆ ಮುಂದೆಯೇ ಪ್ರತಿಭಟನೆಯಾಯಿತು. ಆ ಮಾತು ನನಗೂ ಸರಿ ಕಾಣಲಿಲ್ಲ. ಆದರೂ ಅವರ ಗೇಟಿನ ಮುಂದೆ ಪೊಲೀಸರು ನಿಂತಿದ್ದು ಸರಿ. 2022ರ ನವೆಂಬರ್‌ನಲ್ಲಿ ರಂಗಾಯಣದಲ್ಲಿ ಟಿಪ್ಪು ಬಗ್ಗೆ ಒಂದು ನಾಟಕ ಆಡಿದಾಗಲೂ ಪೊಲೀಸ್ ಕಾವಲಿತ್ತು. ಆ ನಾಟಕದ ಇತಿಹಾಸವನ್ನು ನಾನು ಒಪ್ಪುವುದಿಲ್ಲ. ಕಾವಲು ಕೊಟ್ಟಿದ್ದನ್ನು ಪೂರ್ತಿ ಒಪ್ಪುತ್ತೇನೆ.

ಅದೇ ರಂಗಾಯಣದಲ್ಲಿ ಅದಕ್ಕೂ ಮೊದಲು, 2021ರ ಕೊನೆಯಲ್ಲಿ, ಬಹುರೂಪಿ ನಾಟಕೋತ್ಸವಕ್ಕೆ ಚಕ್ರವರ್ತಿ ಸೂಲಿಬೆಲೆ ಅವರನ್ನು ಕರೆದಿದ್ದಕ್ಕೆ ದೊಡ್ಡ ವಿರೋಧ ಬಂತು. ಆಗ ಎರಡೂ ಕಡೆಯವರು ‘ನಮ್ಮ ವಾಕ್ ಸ್ವಾತಂತ್ರ್ಯ’ ಅಂದರು. ನನ್ನ ಲೆಕ್ಕದಲ್ಲಿ ಯಾರನ್ನು ಕರೆಯಬೇಕು ಅನ್ನುವುದು ಕರೆಯುವವರ ತೀರ್ಮಾನ. ಸರ್ಕಾರದ ದುಡ್ಡಿನ ರಂಗಮಂದಿರವಾದ್ದರಿಂದ ಅದನ್ನು ಪ್ರಶ್ನೆ ಮಾಡುವ ಹಕ್ಕು ನಮಗೆಲ್ಲ ಇದೆ. ವೇದಿಕೆ ಸಿಗದಿದ್ದರೆ ಬಾಯಿ ಮುಚ್ಚಿಸಿದ ಹಾಗಲ್ಲ. ಸಿಕ್ಕ ವೇದಿಕೆಗೆ ನುಗ್ಗಿ ಮೈಕ್ ಕಿತ್ತರೆ ಮುಚ್ಚಿಸಿದ ಹಾಗೆ.

ನಿಜವಾಗಿ ಕಷ್ಟದ ಪ್ರಶ್ನೆ ಇನ್ನೊಂದಿದೆ. ‘ಹೊಡಿ’ ಅಂತ ಎಲ್ಲೂ ಹೇಳದೆ, ಒಂದು ಸಮುದಾಯವನ್ನೇ ಮನುಷ್ಯರಲ್ಲ ಅನ್ನುವಂತೆ ದಿನವೂ ಮಾತಾಡುವವರನ್ನು ಏನು ಮಾಡುವುದು? 2023ರ ಡಿಸೆಂಬರ್ 24ರಂದು ಶ್ರೀರಂಗಪಟ್ಟಣದಲ್ಲಿ ಹನುಮ ಸಂಕೀರ್ತನಾ ಯಾತ್ರೆ ಇತ್ತು. ಅಲ್ಲಿ ಆರೆಸ್ಸೆಸ್ ಮುಖಂಡ ಕಲ್ಲಡ್ಕ ಪ್ರಭಾಕರ ಭಟ್ಟರು ತಲಾಖ್ ಕಾನೂನಿನ ವಿಷಯ ಎತ್ತಿ ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿನ ಮೇಲೆ ಕೇಸ್ ಆಯಿತು. ಆಮೇಲೆ ಜಾಮೀನೂ ಸಿಕ್ಕಿತು. ತಲಾಖ್ ಕಾನೂನನ್ನು ಯಾರು ಬೇಕಾದರೂ ಹೊಗಳಬಹುದು, ತೆಗಳಬಹುದು. ಅದು ಚರ್ಚೆ. ಆದರೆ ಆ ಊರಿನಲ್ಲಿ, ಆ ಯಾತ್ರೆಯ ದಿನ, ಸೇರಿದ್ದ ಆ ಜನರೆದುರು, ಅಲ್ಲಿಲ್ಲದ ಹೆಣ್ಣುಮಕ್ಕಳ ಮಾನಕ್ಕೆ ಕೈ ಹಾಕುವುದು ಚರ್ಚೆಯಲ್ಲ. ಆ ಬೀದಿಯಲ್ಲೇ ಮರುದಿನ ತರಕಾರಿ ತರೋಕೆ ಹೋಗಬೇಕಾದ ಹೆಂಗಸಿನ ಕಡೆಯಿಂದ ಯೋಚಿಸಿ. 2020ರ ಅಮಿಶ್ ದೇವಗನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಾತನ್ನು ಮಾತ್ರ ನೋಡಬೇಡಿ, ಯಾರು ಆಡಿದರು, ಎಲ್ಲಿ, ಯಾವ ಸಂದರ್ಭದಲ್ಲಿ, ಅವರಿಗೆ ಎಷ್ಟು ಪ್ರಭಾವ ಇದೆ ಅಂತಲೂ ನೋಡಿ ಅಂದಿತು. ಅದು ಟಿವಿ ಆ್ಯಂಕರ್ ಒಬ್ಬರ ಪ್ರಕರಣ. ಸಾವಿರಾರು ಜನ ನಂಬುವವರ ನಾಲಿಗೆಗೆ ಹೊಣೆಯೂ ಜಾಸ್ತಿ. ಹಾಗಾಗಿ ಇಂಥ ಕಡೆ ಕಾನೂನು ಬರಬೇಕು ಅನ್ನುತ್ತೇನೆ. ಬಂದರೆ ವಿಚಾರಣೆಯ ಕೊನೆಯವರೆಗೂ ಹೋಗಬೇಕು, ಒಂದು ವಾರದ ಸುದ್ದಿಯಾಗಿ ಮುಗಿಯಬಾರದು.

ಸುಳ್ಳಿಗೆ ಮಾತ್ರ ಪೊಲೀಸ್ ಬೇಡ. ಟಿಪ್ಪುವನ್ನು ಕೊಂದವರು ಇವರೇ ಅನ್ನುವ ಉರಿಗೌಡ ನಂಜೇಗೌಡರ ಕತೆಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಬರುವಾಗ ಮಂಡ್ಯದಲ್ಲಿ ಅವರ ಹೆಸರಿನ ದ್ವಾರವನ್ನೇ ನಿಲ್ಲಿಸಿದ್ದರು. ಸಿನಿಮಾ ಮಾಡುವ ಮಾತೂ ಆಯಿತು. ಊರಿನ ಜನ, ಬರಹಗಾರರು ದಾಖಲೆ ಎಲ್ಲಿ ಅಂತ ಕೇಳಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರೂ ಶಾಸನ, ದಾಖಲೆ ಇದ್ದರೆ ತನ್ನಿ, ಅಲ್ಲಿವರೆಗೆ ಈ ಮಾತು ಸಾಕು ಅಂದರು. ಸಿನಿಮಾ ನಿಂತಿತು. ಯಾರೂ ಜೈಲಿಗೆ ಹೋಗಲಿಲ್ಲ. ಮಂಡ್ಯದ ಜನ ಮಾಡಿದ ಈ ಕೆಲಸದ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ.

‘ಹಾಗಾದ್ರೆ ನಾವು ಸುಮ್ನೆ ಇರಬೇಕಾ?’ ಅಂತ ಕೊನೆಗೆ ಕೇಳೇ ಕೇಳುತ್ತಾರೆ. ಬೇಡ. ದೂರು ಕೊಡಿ, ಆದರೆ ಸರಿಯಾಗಿ ಬರೆದು ಕೊಡಿ. ‘ಭಾವನೆಗೆ ಧಕ್ಕೆಯಾಗಿದೆ’ ಅಂತ ಬರೆಯಬೇಡಿ. ಅವರು ಆಡಿದ ಮಾತನ್ನು ಅಕ್ಷರಶಃ ಬರೆಯಿರಿ. ದಿನ, ಜಾಗ, ಯಾರೆದುರು ಅನ್ನುವುದನ್ನು ಹಾಕಿ. ಕತ್ತರಿಸಿದ ತುಣುಕಿನ ಬದಲು ಪೂರ್ತಿ ವಿಡಿಯೊ ಕೊಡಿ. ಯಾರಿಗೆ ಏನು ಮಾಡಿ ಅಂತ ಆ ಮಾತು ಜನರಿಗೆ ಹೇಳುತ್ತಿದೆ ಅನ್ನುವುದನ್ನು ತೋರಿಸಿ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಎಫ್‌ಐಆರ್‌ಗೆ ಮೊದಲು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ರಲ್ಲಿ ಅವಕಾಶ ಇದೆ. ಮಾತಿನ ಪ್ರಕರಣಗಳಲ್ಲಿ ಪೊಲೀಸರು ಅದನ್ನು ಬಳಸಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು, ಒಂದು ಕವಿತೆ ಹಂಚಿಕೊಂಡಿದ್ದಕ್ಕೆ ಸಂಸದ ಇಮ್ರಾನ್ ಪ್ರತಾಪಗಢಿ ಮೇಲೆ ಹಾಕಿದ್ದ ಎಫ್‌ಐಆರ್ ರದ್ದು ಮಾಡುವಾಗ ಹೇಳಿತು. ಮಾತನ್ನು ಗಟ್ಟಿ ಮನಸ್ಸಿನ ಮನುಷ್ಯರ ಅಳತೆಯಿಂದ ನೋಡಬೇಕು, ಎಲ್ಲದಕ್ಕೂ ಅಲುಗಾಡುವವರ ಅಳತೆಯಿಂದ ಅಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಠಾಣೆಗೆ ಹೋಗುವಾಗ ಅದರ ಒಂದು ಪ್ರತಿ ಜೊತೆಗೆ ಇಟ್ಟುಕೊಳ್ಳಿ.